ಲಿಂಗ ಹಿಡಿದ ಕೈ ಬಡಿಯಬಾರದು



‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯುಂಟು. ಅದು ಮಾತಿನ ಮುನಿಸಿಗೆ ಹೇಳಿದ್ದೇ ಹೊರತು ಹೊಡೆತಕ್ಕಲ್ಲ. ದಿನವೂ ಏಟು, ಹೀನ ಮಾತು ತಿನ್ನುವ ಹೆಣ್ಣಿಗೆ ಒಂದು ದಿನ ಬದುಕೇ ಬೇಡವೆನಿಸುತ್ತದೆ. ಪ್ರಾಣ ಹೋದ ಮೇಲೆ ‘ಹೊಟ್ಟೆನೋವು ತಾಳಲಾರದೆ ಹೋದಳು’ ಎನ್ನುತ್ತೇವೆ. ಎಷ್ಟೋ ಸಲ ಆ ನೋವು ಹೊಟ್ಟೆಯದಲ್ಲ, ಮನೆಯದು.

12ನೆಯ ಶತಮಾನದ ಶರಣರು ಹೆಣ್ಣಿಗೂ ಇಷ್ಟಲಿಂಗವನ್ನು ಕರುಣಿಸಿದರು. ಲಿಂಗ ಧರಿಸಿದ ದೇಹವೇ ದೇವಾಲಯ. ಬೆಳಗ್ಗೆ ಕರದಲ್ಲಿ ಲಿಂಗವನ್ನಿಟ್ಟು ಪೂಜಿಸಿ, ರಾತ್ರಿ ಅದೇ ಕರದಿಂದ ಮಡದಿಯನ್ನು ಬಡಿದರೆ ಆ ಪೂಜೆ ಯಾರಿಗೆ ಸಂದೀತು? ಗಣಿಯಲ್ಲಿ ದುಡಿದು ದಣಿದೆವು, ಕುಡಿದೆವು ಎಂಬುದು ನೆಪವಾಗದು.

ತವರಿನವರಿಗೂ ನಮ್ಮದೊಂದು ಮಾತು. ಅಳುತ್ತ ಬಂದ ಮಗಳನ್ನು ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ಮರಳಿ ಅಟ್ಟಬೇಡಿರಿ. ‘ಸತ್ತರೆ ಚೆನ್ನಾಗಿತ್ತು’ ಎಂದು ಆಕೆ ಅಂದರೆ, ಬರಿಯ ಬೆದರಿಕೆ ಎನ್ನದೆ ಬಳಿಯಲ್ಲಿರಿಸಿಕೊಳ್ಳಿರಿ. 2005ರ ಕಾಯಿದೆ ಆಕೆಗೆ ರಕ್ಷಣೆಯನ್ನೂ, ಬಾಳಿದ ಮನೆಯಲ್ಲಿ ವಾಸದ ಹಕ್ಕನ್ನೂ ಕೊಟ್ಟಿದೆ. ಫೋನಿನಲ್ಲಿ 181 ಮಹಿಳಾ ಸಹಾಯವಾಣಿ. 14416 ನೊಂದ ಮನಸ್ಸಿಗೆ ಸಲಹೆ ಕೊಡುವ ಸಂಖ್ಯೆ. ಮಠದ ಬಾಗಿಲೂ ತೆರೆದಿದೆ.

ಹೆಣ್ಣಿನ ಕಣ್ಣೀರು ಬೀಳದ ಮನೆಯೇ ಮಹಾಮನೆ. ನಿಮ್ಮ ಮನೆಗಳು ಹಾಗಾಗಲೆಂದು ಹರಸುತ್ತೇವೆ.