ಹಾದಿಯ ಹಕ್ಕು, ಸಾಕ್ಷಿಯ ಹೊಣೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಅನುಚರರ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಹಿಜರಿ 6ನೇ ವರ್ಷ ಪ್ರವಾದಿವರ್ಯರು(ಸ) ಸುಮಾರು 1,400 ಸಹಾಬಿಗಳೊಂದಿಗೆ ಉಮ್ರಾಕ್ಕಾಗಿ ಮದೀನಾದಿಂದ ಹೊರಟರು. ಇಹ್ರಾಮ್ ಧರಿಸಿದ್ದರು, ಬಲಿಯ ಪ್ರಾಣಿಗಳು ಜೊತೆಗಿದ್ದವು. ಯುದ್ಧದ ಉದ್ದೇಶ ಇರಲಿಲ್ಲ. ಆದರೂ ಕುರೈಶರು ಹುದೈಬಿಯಾದ ಬಳಿ ಅವರನ್ನು ತಡೆದರು. ಕಅಬಾ ಅಲ್ಲಿಂದ ಸುಮಾರು 20 ಕಿ.ಮೀ. ದೂರದಲ್ಲಿತ್ತು. ತಾವು ಹುಟ್ಟಿ ಬೆಳೆದ ಊರು ಕೂಗಳತೆಯಲ್ಲಿದೆ, ಆದರೆ ಹೋಗುವಂತಿಲ್ಲ. ಆ ವರ್ಷ ಅವರು ಕಅಬಾವನ್ನು ಕಾಣದೆಯೇ ಮರಳಿದರು. ದಾರಿಯಲ್ಲಿ ತಡೆಯಲ್ಪಟ್ಟವರ ನೋವು ಏನೆಂದು ನಮ್ಮ ಪ್ರವಾದಿ(ಸ)ಯವರಿಗೆ ಸ್ವಂತ ಅನುಭವದಿಂದ ತಿಳಿದಿತ್ತು.

ಆ ಗಾಯದ ಬಗ್ಗೆಯೇ ಅಲ್ ಮಾಇದಾ ಅಧ್ಯಾಯದ 2ನೇ ಸೂಕ್ತದಲ್ಲಿ ಅಲ್ಲಾಹನು ವಿಶ್ವಾಸಿಗಳೊಂದಿಗೆ ಮಾತನಾಡುತ್ತಾನೆ. ಮಸ್ಜಿದುಲ್ ಹರಾಮ್‌ನಿಂದ ನಿಮ್ಮನ್ನು ತಡೆದವರ ಮೇಲಿನ ಸಿಟ್ಟು ನಿಮ್ಮನ್ನು ಅತಿರೇಕಕ್ಕೆ ಎಳೆಯದಿರಲಿ ಎಂಬುದು ಅದರ ಆಶಯ. ಅದೇ ಸೂಕ್ತವು ಒಳಿತು ಮತ್ತು ತಖ್ವಾದ ಕೆಲಸದಲ್ಲಿ ಕೈಜೋಡಿಸಬೇಕು, ಪಾಪ ಮತ್ತು ಅತಿಕ್ರಮದಲ್ಲಿ ಕೈಜೋಡಿಸಬಾರದು ಎಂದೂ ಕಲಿಸುತ್ತದೆ. ಇಂದು ಈ ಸೂಕ್ತದ ಬೆಳಕಿನಲ್ಲಿ ಫೆಲೆಸ್ತೀನಿನ ಹಾದಿಗಳನ್ನು ನೋಡೋಣ.

ನಮ್ಮ ಜಮಾಅತ್‌ನ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ಜೋರ್ಡಾನ್ ಮೂಲಕ ಬೈತುಲ್ ಮುಖದ್ದಸ್ ಝಿಯಾರತ್‌ಗೆ ಹೋಗಿ ಬಂದರು. ಅಕ್ಸಾದಲ್ಲಿ ನಮಾಝ್ ಮಾಡಿದ ಸಂತೋಷವನ್ನು ಕೇಳಲು ನಾವೆಲ್ಲ ಅವರ ಮನೆಗೆ ಹೋದೆವು. ಅವರು ಮೊದಲು ಹೇಳಿದ್ದು ಬೆತ್ಲೆಹೇಮ್‌ನ ಟ್ಯಾಕ್ಸಿ ಚಾಲಕನೊಬ್ಬನ ಮಾತು. ಬೆತ್ಲೆಹೇಮ್‌ನಿಂದ ಅಕ್ಸಾಕ್ಕೆ ಹತ್ತು ಕಿಲೋಮೀಟರಿನಷ್ಟೂ ದೂರವಿಲ್ಲ. ಆದರೆ ಆ ಚಾಲಕ ಹಲವು ವರ್ಷಗಳಿಂದ ಅಲ್ಲಿಗೆ ಹೋಗಿರಲಿಲ್ಲ. ಪರವಾನಿಗೆ ಸಿಕ್ಕಿರಲಿಲ್ಲ. ನಮ್ಮ ಪರವಾಗಿಯೂ ಎರಡು ರಕಅತ್ ನಮಾಝ್ ಮಾಡಿ ಎಂದು ಅವನು ಕೇಳಿಕೊಂಡನಂತೆ. ಭಾರತದ ಪಾಸ್‌ಪೋರ್ಟ್ ಹಿಡಿದ ನಾನು ಸಾವಿರಾರು ಮೈಲಿ ದಾಟಿ ಒಳಗೆ ಹೋದೆ, ನೆರೆಯವನು ಹೊರಗೇ ಉಳಿದ, ನನಗೆ ನಾಚಿಕೆಯಾಯಿತು ಎಂದು ಆ ಹಿರಿಯರು ಹೇಳಿದರು.

ಇದು ಹೇಗೆ ಆಯಿತು? 1967ರ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್ ಮತ್ತು ಗಾಝಾವನ್ನು ವಶಪಡಿಸಿಕೊಂಡಿತು. ಆರಂಭದ ಎರಡು ದಶಕಗಳಲ್ಲಿ ಜನರು ಬಹುಮಟ್ಟಿಗೆ ಓಡಾಡಬಹುದಿತ್ತು. 1991ರಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಪರವಾನಿಗೆ ಬೇಕೆಂಬ ನಿಯಮ ಬಂತು. 1993ರಲ್ಲಿ ಮುಚ್ಚುಗಡೆ ಕಾಯಂ ಆಯಿತು. 2002ರಲ್ಲಿ ಗೋಡೆ ಕಟ್ಟುವ ಕೆಲಸ ಶುರುವಾಯಿತು. ಸುಮಾರು 700 ಕಿ.ಮೀ. ಉದ್ದಕ್ಕೆ ಯೋಜಿಸಲಾದ ಆ ಗೋಡೆಯ ಬಹುಪಾಲು ಪಶ್ಚಿಮ ದಂಡೆಯ ಒಳಗೇ ಹಾದುಹೋಗುತ್ತದೆ. 2004ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವು ಆ ನೆಲದಲ್ಲಿ ಗೋಡೆ ಕಟ್ಟುವುದು ಕಾನೂನುಬಾಹಿರ ಎಂದು ಅಭಿಪ್ರಾಯ ನೀಡಿತು. 2024ರ ಜುಲೈಯಲ್ಲಿ ಅದೇ ನ್ಯಾಯಾಲಯ ಆ ಪ್ರದೇಶಗಳಲ್ಲಿ ಇಸ್ರೇಲಿನ ಉಪಸ್ಥಿತಿಯೇ ಕಾನೂನುಬಾಹಿರ ಎಂದು ಹೇಳಿತು.

ಆದರೆ ನ್ಯಾಯಾಲಯದ ಕಾಗದದಿಂದ ಗೇಟು ತೆರೆಯಲಿಲ್ಲ. ಪಶ್ಚಿಮ ದಂಡೆಯಲ್ಲಿ ಚೆಕ್‌ಪೋಸ್ಟ್, ರಸ್ತೆ ಗೇಟು, ಮಣ್ಣಿನ ದಿಬ್ಬ ಇತ್ಯಾದಿ ಅಡೆತಡೆಗಳು 2023ರ ಆರಂಭದಲ್ಲಿ 645 ಇದ್ದವು, 2025ರ ಆರಂಭಕ್ಕೆ 849 ಆದವು ಎಂದು ವಿಶ್ವಸಂಸ್ಥೆಯ ಮಾನವೀಯ ವ್ಯವಹಾರಗಳ ಕಚೇರಿ ಲೆಕ್ಕ ಕೊಟ್ಟಿದೆ. ಇವು ಇಸ್ರೇಲಿನ ಗಡಿಯಲ್ಲಿ ಮಾತ್ರ ಇವೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಹೆಚ್ಚಿನವು ಒಂದು ಫೆಲೆಸ್ತೀನಿ ಊರು ಮತ್ತು ಇನ್ನೊಂದು ಫೆಲೆಸ್ತೀನಿ ಊರಿನ ನಡುವೆ ಇವೆ. ವಿದ್ಯಾರ್ಥಿ ಮತ್ತು ಕಾಲೇಜಿನ ನಡುವೆ, ರೈತ ಮತ್ತು ಅವನ ಆಲಿವ್ ತೋಟದ ನಡುವೆ ಇವೆ. ಗೋಡೆಯ ಆಚೆ ತೋಟವಿರುವ ರೈತನಿಗೆ ಗೇಟು ತೆರೆಯುವುದು ಗೊತ್ತುಪಡಿಸಿದ ಹೊತ್ತಿಗೆ ಮಾತ್ರ. ಕೆಲವು ಗೇಟುಗಳು ತೆರೆಯುವುದು ಆಲಿವ್ ಕೊಯ್ಲಿನ ಸಮಯದಲ್ಲಷ್ಟೆ. ಮರ ಅವನದು, ಬೀಗದ ಕೈ ಸೈನಿಕನದು.

ರೋಗಿಗಳ ಸ್ಥಿತಿ ಇನ್ನೂ ಕಷ್ಟ. ಕ್ಯಾನ್ಸರ್ ಮುಂತಾದ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇರುವುದು ಪೂರ್ವ ಜೆರುಸಲೇಮ್‌ನ ಆಸ್ಪತ್ರೆಗಳಲ್ಲಿ. ಪಶ್ಚಿಮ ದಂಡೆಯ ಆ್ಯಂಬುಲೆನ್ಸ್‌ನಲ್ಲಿ ಬಂದ ರೋಗಿಯನ್ನು ಚೆಕ್‌ಪೋಸ್ಟ್‌ನಲ್ಲಿ ಇಳಿಸಿ, ಇನ್ನೊಂದು ಆ್ಯಂಬುಲೆನ್ಸ್‌ಗೆ ಹತ್ತಿಸುವುದು ಅಲ್ಲಿ ಸಾಮಾನ್ಯ ದೃಶ್ಯ. 2000ದ ನಂತರದ ಕೆಲವೇ ವರ್ಷಗಳಲ್ಲಿ 60ಕ್ಕೂ ಹೆಚ್ಚು ಗರ್ಭಿಣಿಯರು ಚೆಕ್‌ಪೋಸ್ಟ್‌ಗಳಲ್ಲೇ ಹೆತ್ತರು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ವರದಿಗಳಲ್ಲಿ ದಾಖಲಾಗಿದೆ. ಅವರಲ್ಲಿ ಹಲವರ ಮಕ್ಕಳು ಬದುಕಲಿಲ್ಲ. ಇನ್ನು 2024ರ ರಮಝಾನ್‌ನಲ್ಲಿ ಪಶ್ಚಿಮ ದಂಡೆಯಿಂದ ಅಕ್ಸಾದ ಜುಮಾಕ್ಕೆ ಹೋಗಲು ಗಂಡಸರಿಗೆ 55, ಹೆಂಗಸರಿಗೆ 50 ವರ್ಷ ದಾಟಿರಬೇಕಿತ್ತು, ಪರವಾನಿಗೆಯೂ ಬೇಕಿತ್ತು. ಈ ಸಫ್‌ಗಳಲ್ಲಿ ಕುಳಿತ ನಮ್ಮಲ್ಲಿ ಎಷ್ಟು ಮಂದಿ ಆ ಲೆಕ್ಕದಲ್ಲಿ ಹೊರಗುಳಿಯುತ್ತಿದ್ದೆವು, ಯೋಚಿಸಿ.

ಇಲ್ಲಿ ಒಂದು ಮಾತನ್ನು ಬಿಟ್ಟು ಮುಂದೆ ಹೋದರೆ ನಾವು ನ್ಯಾಯವಂತರಾಗುವುದಿಲ್ಲ. ಇವೆಲ್ಲ ನಮ್ಮ ಸುರಕ್ಷತೆಗೆ ಎಂದು ಇಸ್ರೇಲ್ ಹೇಳುತ್ತದೆ. 2000ದ ನಂತರ ಬಸ್ಸು, ಹೋಟೆಲುಗಳಲ್ಲಿ ಆತ್ಮಹತ್ಯಾ ಬಾಂಬ್ ಸಿಡಿದು ನೂರಾರು ಇಸ್ರೇಲಿ ನಾಗರಿಕರು ಸತ್ತದ್ದು ನಿಜ. 2023ರ ಅಕ್ಟೋಬರ್ 7ರಂದು ಮನೆಯಲ್ಲಿದ್ದವರನ್ನೂ ಮಕ್ಕಳನ್ನೂ ಕೊಂದದ್ದು ನಿಜ. ನಿರಪರಾಧಿಯ ಕೊಲೆ ಹರಾಮ್. ಕೊಂದವನ ಹೆಸರು ನಮ್ಮ ಹೆಸರಿನಂತಿದ್ದರೂ ಅದು ಹರಾಮ್. ಹಾಗೆಯೇ, ಯಾರೋ ಮಾಡಿದ ಕೊಲೆಗಾಗಿ ಇನ್ಯಾರದೋ ಹೆರಿಗೆಯನ್ನು, ಕೊಯ್ಲನ್ನು, ನಮಾಝನ್ನು ತಡೆಯುವುದೂ ಅನ್ಯಾಯ. ಗಾಝಾದಲ್ಲಿ ಹತ್ತಾರು ಸಾವಿರ ಜನರನ್ನು ಕೊಂದುಹಾಕಿದ್ದಂತೂ ಯಾವ ತಕ್ಕಡಿಯಲ್ಲಿಟ್ಟರೂ ನ್ಯಾಯವಾಗದು.

ಸಹೋದರರೇ, ಈಗ ಇಂದಿನ ಮುಖ್ಯ ವಿಷಯಕ್ಕೆ ಬರೋಣ. 2001ರಲ್ಲಿ ಜೆರುಸಲೇಮ್‌ನಲ್ಲಿ ಮೂವರು ಇಸ್ರೇಲಿ ಮಹಿಳೆಯರು ಸೇರಿ ‘ಮಕ್ಸೋಮ್ ವಾಚ್’ ಎಂಬ ಗುಂಪು ಕಟ್ಟಿದರು. ಮಕ್ಸೋಮ್ ಎಂದರೆ ಹೀಬ್ರೂವಿನಲ್ಲಿ ಚೆಕ್‌ಪೋಸ್ಟ್. ಕೆಲವೇ ವರ್ಷಗಳಲ್ಲಿ ನೂರಾರು ಮಹಿಳೆಯರು ಸೇರಿದರು. ಹೆಚ್ಚಿನವರು ನಡುವಯಸ್ಸು ದಾಟಿದವರು, ಮೊಮ್ಮಕ್ಕಳಿದ್ದವರು. ಅವರು ಮಾಡುವ ಕೆಲಸ ಬಹಳ ಸರಳ. ಇಬ್ಬರು ಮೂವರಾಗಿ ಚೆಕ್‌ಪೋಸ್ಟ್‌ಗೆ ಹೋಗಿ ನಿಲ್ಲುತ್ತಾರೆ, ನೋಡುತ್ತಾರೆ, ಬರೆಯುತ್ತಾರೆ. ಎಷ್ಟು ಗಂಟೆಗೆ ಗೇಟು ತೆರೆಯಿತು, ಸಾಲು ಎಷ್ಟು ಉದ್ದವಿತ್ತು, ಯಾರನ್ನು ಏಕೆ ವಾಪಸ್ ಕಳಿಸಿದರು ಎಂದು ಬರೆದು ಪ್ರಕಟಿಸುತ್ತಾರೆ. ವೃದ್ಧರು, ರೋಗಿಗಳಿಗೆಂದೇ ಮಾಡಿದ ದ್ವಾರ ಮುಚ್ಚಿದ್ದರೆ ಸೇನೆಯ ಅಧಿಕಾರಿಗೆ ಫೋನ್ ಮಾಡುತ್ತಾರೆ. ಕೆಲವೊಮ್ಮೆ ತೆರೆಯುತ್ತದೆ, ಹಲವು ಬಾರಿ ಇಲ್ಲ. ಭದ್ರತೆಯ ಕಾರಣ ಎಂಬ ಒಂದೇ ಮಾತಿನಿಂದ ಪರವಾನಿಗೆ ನಿರಾಕರಿಸಲ್ಪಟ್ಟವರಿಗೆ ಮೇಲ್ಮನವಿ ಬರೆಯಲು ನೆರವಾಗುತ್ತಾರೆ. ಸೇನಾ ನ್ಯಾಯಾಲಯಗಳಲ್ಲೂ ಹೋಗಿ ಕುಳಿತುಕೊಳ್ಳುತ್ತಾರೆ.

2004ರ ನವೆಂಬರ್‌ನಲ್ಲಿ ನಾಬ್ಲುಸ್ ಬಳಿಯ ಬೈತ್ ಈಬಾ ಚೆಕ್‌ಪೋಸ್ಟ್‌ನಲ್ಲಿ ಫೆಲೆಸ್ತೀನಿ ಯುವಕನೊಬ್ಬ ಸೈನಿಕರ ಮುಂದೆ ನಿಂತು ಪಿಟೀಲು ನುಡಿಸಿದ. ಈ ಮಹಿಳೆಯರಲ್ಲಿ ಒಬ್ಬರು ಅದನ್ನು ಚಿತ್ರೀಕರಿಸಿದರು. ಅವನನ್ನು ಬಲವಂತ ಮಾಡಿರಲಿಲ್ಲ ಎಂದು ಸೇನೆ ಬಳಿಕ ಸಮಜಾಯಿಷಿ ಕೊಟ್ಟಿತು. ಆದರೆ ಆ ಚಿತ್ರ ಇಸ್ರೇಲನ್ನೇ ಅಲುಗಾಡಿಸಿತು. ನಾಝಿ ಶಿಬಿರಗಳಲ್ಲಿ ಯಹೂದಿ ಸಂಗೀತಗಾರರು ತಮ್ಮ ಪೀಡಕರ ಮುಂದೆ ನುಡಿಸಬೇಕಾಗಿದ್ದ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ಭಾಷಣದಿಂದ ಆಗದ್ದನ್ನು, ಅಲ್ಲಿ ನಿಂತು ನೋಡಿದ ಒಬ್ಬ ಮಹಿಳೆಯ ಕ್ಯಾಮರಾ ಮಾಡಿತು.

ಇವರು ಮಾತ್ರವಲ್ಲ. ಜಾಗತಿಕ ಚರ್ಚುಗಳ ಮಂಡಳಿ 2002ರಿಂದ ಹಲವು ದೇಶಗಳ ಸ್ವಯಂಸೇವಕರನ್ನು ಮೂರು ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಕಳಿಸುತ್ತಾ ಬಂದಿದೆ. ಬೆತ್ಲೆಹೇಮ್‌ನ ಚೆಕ್‌ಪೋಸ್ಟ್‌ನಲ್ಲಿ ಕೂಲಿಯವರು ಸುಬ್‌ಹ್‌ಗೂ ಮುಂಚೆ ಸಾಲು ನಿಲ್ಲುವಾಗ ಇವರು ಬದಿಯಲ್ಲಿ ನಿಂತು ಎಷ್ಟು ಜನ ದಾಟಿದರೆಂದು ಎಣಿಸುತ್ತಿದ್ದರು. ಹೆಬ್ರಾನ್‌ನ ಇಬ್ರಾಹೀಮಿ ಮಸೀದಿಯಲ್ಲಿ 1994ರ ರಮಝಾನ್‌ನಲ್ಲಿ ಒಬ್ಬ ವಲಸಿಗ ಗುಂಡು ಹಾರಿಸಿ 29 ನಮಾಝಿಗಳನ್ನು ಕೊಂದ ಬಳಿಕ ಅಲ್ಲಿಗೆ ಅಂತಾರಾಷ್ಟ್ರೀಯ ವೀಕ್ಷಕರು ಬಂದರು. ಅವರ ಕೈಯಲ್ಲಿ ಬಂದೂಕು ಇರಲಿಲ್ಲ, ಪುಸ್ತಕ ಮತ್ತು ಪೆನ್ನು ಇತ್ತು. 2019ರಲ್ಲಿ ಇಸ್ರೇಲ್ ಅವರ ಅವಧಿಯನ್ನು ನವೀಕರಿಸದೆ ಹೊರಕಳಿಸಿತು. ಪೆನ್ನಿಗೆ ಶಕ್ತಿಯಿಲ್ಲದಿದ್ದರೆ ಅವರನ್ನು ಕಳಿಸಬೇಕಾಗಿರಲಿಲ್ಲ.

ಇದರಿಂದ ಏನು ಪ್ರಯೋಜನವಾಯಿತು ಎಂದು ಕೇಳುವವರಿದ್ದಾರೆ. ಚೆಕ್‌ಪೋಸ್ಟ್‌ಗಳು ಕಡಿಮೆಯಾಗಿಲ್ಲ, ಹೆಚ್ಚಾಗಿವೆ. ಅಕ್ಟೋಬರ್ 2023ರ ನಂತರ ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಪರವಾನಿಗೆ ರದ್ದಾಯಿತು. ನಾವು ನಿಂತು ನೋಡುವುದರಿಂದ ಈ ವ್ಯವಸ್ಥೆಗೆ ಮಾನವೀಯ ಮುಖವಾಡ ಸಿಗುತ್ತಿದೆಯೇ ಎಂಬ ಪ್ರಶ್ನೆ ಆ ಮಹಿಳೆಯರೊಳಗೇ ಎದ್ದಿದೆ. ತಮ್ಮ ಜನರಿಂದಲೇ ದ್ರೋಹಿಗಳು ಎಂಬ ಬೈಗುಳವನ್ನೂ ಅವರು ಕೇಳಿದ್ದಾರೆ.

ಆದರೆ ಕುರ್‌ಆನ್ ನಮ್ಮಿಂದ ಬಯಸುವುದು ಗೆಲುವನ್ನು ಮಾತ್ರವೇ? ಅನ್ನಿಸಾ ಅಧ್ಯಾಯದ 135ನೇ ಸೂಕ್ತವನ್ನು ಮನೆಗೆ ಹೋಗಿ ಓದಿ. ನ್ಯಾಯದ ಪರ ಗಟ್ಟಿಯಾಗಿ ನಿಂತು ಅಲ್ಲಾಹನಿಗಾಗಿ ಸಾಕ್ಷಿ ಹೇಳಬೇಕೆಂದು, ಅದು ಸ್ವತಃ ನಮಗೆ, ನಮ್ಮ ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ಸರಿಯೆಂದು ಅಲ್ಲಿ ಆದೇಶಿಸಲಾಗಿದೆ. ಆ ಸೈನಿಕರು ಆ ಮಹಿಳೆಯರ ಊರಿನ ಹುಡುಗರು, ಮೊಮ್ಮಕ್ಕಳ ಪ್ರಾಯದವರು. ಅವರ ವಿರುದ್ಧವೇ ಅವರು ಸಾಕ್ಷಿ ಬರೆಯುತ್ತಾರೆ. ಅಕ್ರಮಿಯಾದ ಸಹೋದರನಿಗೆ ಮಾಡುವ ಸಹಾಯವೆಂದರೆ ಅವನ ಕೈ ಹಿಡಿದು ತಡೆಯುವುದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಪ್ರವಾದಿತ್ವಕ್ಕೆ ಮುಂಚೆ ಮಕ್ಕಾದಲ್ಲಿ ಮರ್ದಿತರ ಪರವಾಗಿ ಮಾಡಿಕೊಂಡ ‘ಹಿಲ್ಫುಲ್ ಫುಝೂಲ್’ ಒಪ್ಪಂದದಲ್ಲಿ ಅವರು(ಸ) ಭಾಗವಹಿಸಿದ್ದರು. ಇಸ್ಲಾಮ್ ಬಂದ ಮೇಲೂ ಅಂಥ ಕೆಲಸಕ್ಕೆ ಕರೆದರೆ ಹೋಗುತ್ತೇನೆ ಎಂದಿದ್ದರು. ನ್ಯಾಯಕ್ಕೆ ಕೈಜೋಡಿಸುವಾಗ ಧರ್ಮದ ಗುರುತು ಕೇಳಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೆ?

ಹಾಗಾಗಿ ನಮ್ಮ ಯುವಕರಲ್ಲಿ ಒಂದು ವಿನಂತಿ. ಮೊಬೈಲಿನಲ್ಲಿ ಯಹೂದಿಗಳೆಲ್ಲರನ್ನೂ ಶಪಿಸುವ ಸಂದೇಶ ಬಂದಾಗ ಮುಂದಕ್ಕೆ ತಳ್ಳುವ ಮೊದಲು, ಬೆಳಗಿನ ಚಳಿಯಲ್ಲಿ ಖಲಂದಿಯಾದ ಕಬ್ಬಿಣದ ಗೇಟಿನ ಬಳಿ ನಿಂತ ಆ ಯಹೂದಿ ಅಜ್ಜಿಯನ್ನು ನೆನಪಿಸಿಕೊಳ್ಳಿ. ಬೇರೆ ಯಾವುದೋ ದೇಶದ ಹಳೆಯ ಚಿತ್ರವನ್ನು ಗಾಝಾದ್ದೆಂದು ಹಂಚಬೇಡಿ. ಸುಳ್ಳು ಸಾಕ್ಷಿ ಮಹಾಪಾಪಗಳಲ್ಲಿ ಒಂದು. ಮರ್ದಿತರ ಪರವಾಗಿ ಹೇಳಿದರೂ ಸುಳ್ಳು ಸುಳ್ಳೇ. ಅದು ಅವರ ನಿಜವಾದ ನೋವನ್ನೂ ಜನ ನಂಬದಂತೆ ಮಾಡುತ್ತದೆ.

ಇನ್ನು ನಮ್ಮದೇ ಬಾಗಿಲಿನ ಮಾತು. ಇದನ್ನು ಹೇಳದೆ ಮಿಂಬರ್‌ನಿಂದ ಇಳಿದರೆ ನಾವು ಸಾಕ್ಷ್ಯವನ್ನು ಮುಚ್ಚಿಟ್ಟವರಾಗುತ್ತೇವೆ. ಕಳೆದ ತಿಂಗಳು ಜುಮಾದ ಹೊತ್ತಿಗೆ ಈ ಮಸೀದಿಯ ಮುಂದಿನ ರಸ್ತೆಯ ಎರಡೂ ಬದಿಗೆ ನಮ್ಮ ಬೈಕು, ಕಾರುಗಳು ನಿಂತಿದ್ದವು. ತುಂಬು ಗರ್ಭಿಣಿಯೊಬ್ಬಳಿದ್ದ ಆಟೋ ಹತ್ತು ನಿಮಿಷ ಸಿಕ್ಕಿಹಾಕಿಕೊಂಡಿತು. ಅಲ್ಲಾಹನ ಕೃಪೆಯಿಂದ ತಾಯಿ, ಮಗು ಕ್ಷೇಮ. ಈ ವಿಷಯವನ್ನು ನಮಗೆ ಬಂದು ತಿಳಿಸಿದ್ದು ಎದುರು ಮನೆಯ ಹಿಂದೂ ತಾಯಿ. ನಮ್ಮವರಲ್ಲಿ ಅದನ್ನು ಕಂಡವರು ಹಲವರಿದ್ದರು, ಒಬ್ಬರೂ ಹೇಳಲಿಲ್ಲ. ಸೇನೆಯ ಚೆಕ್‌ಪೋಸ್ಟನ್ನೂ ನಮ್ಮ ಅಜಾಗರೂಕತೆಯನ್ನೂ ನಾವು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಹೆರಿಗೆ ನೋವಿನಲ್ಲಿದ್ದವಳಿಗೆ ದಾರಿ ತಡೆದದ್ದು ಬಂದೂಕೋ ಬೈಕೋ ಎಂಬ ವ್ಯತ್ಯಾಸ ಆ ಹತ್ತು ನಿಮಿಷದಲ್ಲಿ ತಿಳಿಯುವುದಿಲ್ಲ.

ಒಮ್ಮೆ ದಂಡಯಾತ್ರೆಯಲ್ಲಿ ಜನರು ಬಿಡಾರದ ಜಾಗವನ್ನು ಇಕ್ಕಟ್ಟು ಮಾಡಿ ದಾರಿಯನ್ನೂ ತಡೆದಾಗ, ಹಾಗೆ ಮಾಡಿದವನಿಗೆ ಜಿಹಾದ್‌ನ ಪುಣ್ಯವಿಲ್ಲ ಎಂದು ಪ್ರವಾದಿ(ಸ) ಸಾರಿಸಿದರೆಂದು ಅಬೂದಾವೂದ್‌ನಲ್ಲಿದೆ. ಅಲ್ಲಾಹನ ಮಾರ್ಗದಲ್ಲಿ ಹೊರಟವರಿಗೇ ಈ ಎಚ್ಚರಿಕೆಯಾದರೆ, ನಮಾಝ್‌ಗೆ ಬಂದ ನಮಗೆ ಎಷ್ಟಿರಬೇಕು? ದಾರಿಯಿಂದ ತೊಂದರೆಯನ್ನು ಸರಿಸುವುದು ಈಮಾನ್‌ನ ಒಂದು ಶಾಖೆ ಎಂದು ಮದ್ರಸಾದ ಮಕ್ಕಳೂ ಬಾಯಿಪಾಠ ಮಾಡಿದ್ದಾರೆ. ಮುಂದಿನ ಶುಕ್ರವಾರದಿಂದ ನಾಲ್ವರು ಯುವಕರು ಖುತ್ಬಾದ ಮೊದಲು ರಸ್ತೆಯಲ್ಲಿ ನಿಂತು ವಾಹನಗಳನ್ನು ಹಿಂದಿನ ಮೈದಾನಕ್ಕೆ ಕಳಿಸಲಿದ್ದಾರೆ. ಅವರ ಮಾತು ಕೇಳಿ. ತಪ್ಪು ನಮ್ಮದಾಗಿದ್ದಾಗ ಮೊದಲು ನಾವೇ ಹೇಳುವ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ.

ಅಲ್ಲಾಹನೇ, ಫೆಲೆಸ್ತೀನಿನಲ್ಲಿ ಸಾಲುಗಳಲ್ಲಿ ಕಾಯುತ್ತಿರುವವರಿಗೆ ಸಹನೆಯನ್ನೂ ಬಿಡುಗಡೆಯನ್ನೂ ಕರುಣಿಸು. ರೋಗಿಗಳಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ದಾರಿ ತೆರೆ. ಅಕ್ಸಾದ ನೆರೆಯವರನ್ನು ಅಕ್ಸಾಕ್ಕೆ ತಲುಪಿಸು. ಅವರಿಗಾಗಿ ನಿಂತು ಸತ್ಯ ಬರೆಯುತ್ತಿರುವ ಎಲ್ಲರಿಗೂ ಸನ್ಮಾರ್ಗವನ್ನೂ ಒಳಿತನ್ನೂ ನೀಡು. ಸಿಟ್ಟಿನಲ್ಲೂ ನ್ಯಾಯ ಬಿಡದ, ನಮ್ಮವರ ತಪ್ಪಿಗೂ ಸಾಕ್ಷಿ ಹೇಳಬಲ್ಲ ಧೈರ್ಯವನ್ನು ನಮಗೆ ಕೊಡು. ಆಮೀನ್.