ತೊಟ್ಟೆ ಬಿಟ್ಟರೆ ತೊಳೆಯುವವರು ಯಾರು?

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು ಸಂಸಾರದಿಂದ ದೂರವಿಡುವುದು ಸಾಧ್ಯವೇ ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾವು ಪಂಡಿತರಲ್ಲ. ಹೋಟೆಲಿನಲ್ಲಿ ದುಡಿದು, ಚಾಳಿನ ಒಂದು ಖೋಲಿಯಲ್ಲಿ ಐದು ಜನ ಬಾಳುವವರು. ಕಳೆದ ಒಂದು ವರ್ಷ ಈ ಪ್ರಯತ್ನ ಮಾಡಿ ನೋಡಿದೆವು. ಅರ್ಧ ಗೆದ್ದೆವು, ಅರ್ಧ ಸೋತೆವು. ಅದರ ಲೆಕ್ಕ ಒಪ್ಪಿಸುವುದಷ್ಟೇ ಇಂದಿನ ಕೆಲಸ.

ಈ ವ್ರತ ಏಕೆಂದು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2005ನೆಯ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಮಳೆ ದೇವರದು, ಆದರೆ ಚರಂಡಿಗಳ ಬಾಯಿ ಕಟ್ಟಿದ್ದರಲ್ಲಿ ನಾವು ಬಿಸಾಡಿದ ತೊಟ್ಟೆಗಳ ಪಾಲೂ ಇತ್ತು. (ನಮ್ಮ ಕರಾವಳಿಯವರು ತೊಟ್ಟೆ ಎನ್ನುವುದನ್ನು ಘಟ್ಟದ ಮೇಲಿನ ಬಂಧುಗಳು ಕವರು ಎನ್ನುತ್ತಾರೆ, ಇಲ್ಲಿಯ ಭಾಜಿಯವನು ಥೈಲಿ ಎನ್ನುತ್ತಾನೆ. ವಸ್ತು ಒಂದೇ.) 2018ರಲ್ಲಿ ಮಹಾರಾಷ್ಟ್ರ ಸರಕಾರ ಚೀಲಗಳನ್ನು ನಿಷೇಧಿಸಿ, ಮೊದಲ ತಪ್ಪಿಗೇ 5,000 ರೂಪಾಯಿ ದಂಡ ಎಂದಿತು. 2022ನೆಯ ಜುಲೈ 1ರಿಂದ ತಟ್ಟೆ, ಲೋಟ, ಚಮಚ, ಹೀರುಗೊಳವೆಗಳ ಮೇಲೆ ಕೇಂದ್ರ ಸರಕಾರದ ನಿಷೇಧವೂ ಬಂತು. ಕಾನೂನು ಒಳ್ಳೆಯದೇ. ಆದರೆ ಪಾಲಿಕೆಯ ಮನುಷ್ಯ ಬಂದಾಗ ಗಾಡಿ ತಳ್ಳಿಕೊಂಡು ಓಡುವವನು ಸೊಪ್ಪು ಮಾರುವವನು. ದೊಡ್ಡ ಕಂಪನಿಗಳ ಬಣ್ಣದ ಪೊಟ್ಟಣಗಳು ಅದೇ ಬೀದಿಯ ಅಂಗಡಿಯಲ್ಲಿ ತೋರಣದಂತೆ ತೂಗುತ್ತಲೇ ಇರುತ್ತವೆ. ಇದು ನಮಗೆ ಸರಿಕಾಣುವುದಿಲ್ಲ.

ಊರಿನ ಮಾತೆತ್ತಿ ನಿಮ್ಮ ಕಣ್ಣು ತೇವಗೊಳಿಸುವುದು ಸುಲಭ. ಅಕ್ಕಿಯನ್ನು ಬೈಹುಲ್ಲಿನ ಮುಡಿಯಲ್ಲಿ ಕಟ್ಟುತ್ತಿದ್ದರು, ಮಲ್ಲಿಗೆಯನ್ನು ಬಾಳೆನಾರಿನಿಂದ ಕಟ್ಟಿ ಬಾಳೆಲೆಯಲ್ಲಿ ಸುತ್ತುತ್ತಿದ್ದರು, ಊಟವಾದ ಎಲೆಯನ್ನು ದನ ತಿನ್ನುತ್ತಿತ್ತು. ನಿಜ. ಆದರೆ ಅಲ್ಲಿ ಬಾಳೆಗಿಡ ಹಿತ್ತಿಲಿನಲ್ಲಿತ್ತು. ಇಲ್ಲಿ ಎಲೆಗೂ ದುಡ್ಡು, ಹಿತ್ತಿಲೆಂದರೆ ಹತ್ತು ಮನೆಗೆ ಸೇರಿದ ಜಗಲಿ. ಆದ್ದರಿಂದ ಊರಿನ ರೀತಿಯನ್ನು ಹಾಗೆಯೇ ತಂದು ಇಲ್ಲಿ ನೆಡಲು ಬರುವುದಿಲ್ಲ.

ಮೊದಲ ತಿಂಗಳು ಉತ್ಸಾಹವೋ ಉತ್ಸಾಹ. ಹಳೆಯ ಹಾಸುಬಟ್ಟೆ ಕತ್ತರಿಸಿ ಏಳು ಚೀಲ ಹೊಲಿಸಿದೆವು. ತರಕಾರಿ, ಬೇಳೆ, ಅಕ್ಕಿ ಇವು ತೊಂದರೆ ಕೊಡಲಿಲ್ಲ. ಮೀನು ಮಾರುವ ಮೌಶಿಯ ಮುಂದೆ ಸ್ಟೀಲಿನ ಡಬ್ಬಿ ಹಿಡಿದಾಗ ಆಕೆ ನಕ್ಕು, ಎರಡು ಬಂಗುಡೆ ಹೆಚ್ಚಿಗೆ ಹಾಕಿದಳು. ಸೋತದ್ದು ನಮ್ಮವರ ಹೋಟೆಲಿನಲ್ಲಿಯೇ. ಹೆಸರು ಬೇಡ. ಇಡ್ಲಿ ಸಾಂಬಾರಿಗೆಂದು ಎರಡು ಡಬ್ಬಿ ಕೊಟ್ಟೆವು. ಪಾರ್ಸೆಲ್ ಕಟ್ಟುವ ಹುಡುಗ ಸಾಂಬಾರನ್ನು ಅಭ್ಯಾಸದಂತೆ ಮೊದಲು ತೊಟ್ಟೆಗೆ ತುಂಬಿ, ಗಂಟು ಹಾಕಲು ಹೋಗಿ, ಡಬ್ಬಿಯ ನೆನಪಾಗಿ ಅದರೊಳಗೆ ಸುರಿದು, ತೊಟ್ಟೆಯನ್ನು ಬುಟ್ಟಿಗೆ ಎಸೆದ. ಏಕಪ್ಪಾ ಎಂದರೆ, "ಅಣ್ಣಾ, ಅಳತೆ ಗೊತ್ತಾಗುವುದು ತೊಟ್ಟೆಯಲ್ಲಿ" ಎಂದ. ತಪ್ಪು ಅವನದಲ್ಲ. ಅಳತೆಗೊಂದು ಸೌಟನ್ನು ಯಜಮಾನರು ಇಡಬೇಕಿತ್ತು. ಇನ್ನೊಂದು ಮಾತು: ತೊಟ್ಟೆ ಬೇಡವೆಂದು ವಡೆ ಬಜ್ಜಿಗಳನ್ನು ವರ್ತಮಾನಪತ್ರಿಕೆಯಲ್ಲಿ ಕಟ್ಟುವುದೂ ಸಲ್ಲದು. ಮಸಿ ಎಣ್ಣೆಯೊಡನೆ ಹೊಟ್ಟೆಗೆ ಹೋಗುತ್ತದೆ. ಆಹಾರ ಸುರಕ್ಷತೆಯ ಪ್ರಾಧಿಕಾರದವರು 2016ರಲ್ಲಿಯೇ ಎಚ್ಚರಿಸಿದ್ದಾರೆ. ಕಾಗದದ ಲೋಟವೂ ಬರೀ ಕಾಗದವಲ್ಲ. ಚಹಾ ಸೋರದಿರಲು ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ. ಗಾಜಿನ ಗ್ಲಾಸಿನಲ್ಲಿ ಕಟಿಂಗ್ ಕೊಡುವ ಗಲ್ಲಿಯ ಚಹಾದವನೇ ನಮಗಿಂತ ಮುಂದಿದ್ದಾನೆ.

ಎರಡನೆಯ ತಿಂಗಳು ಮನೆಯಲ್ಲಿ ಮಾತು ಬೆಳೆಯಿತು. ನಲ್ಲಿಯ ನೀರು ಬೆಳಿಗ್ಗೆ ಒಂದೂವರೆ ಗಂಟೆ. ಆ ಹೊತ್ತಿನಲ್ಲಿ ಅಡಿಗೆ, ಮಕ್ಕಳ ಡಬ್ಬಿ, ಬಟ್ಟೆ; ಜೊತೆಗೆ ಈಗ ಮೀನಿನ ಡಬ್ಬಿ, ಸಾಂಬಾರಿನ ಡಬ್ಬಿ, ಎಣ್ಣೆಯ ಬಾಟ್ಲಿ, ಮಣ್ಣು ಹಿಡಿದ ಚೀಲಗಳು. ಮನೆಯಾಕೆ ಒಂದು ದಿನ ಪಾತ್ರೆ ಕೆಳಗಿಟ್ಟು, "ವ್ರತ ಹಿಡಿದವರು ನೀವು. ಉಪವಾಸ ಮಾತ್ರ ನಾನು ಮಾಡಬೇಕೋ?" ಎಂದು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ.

ಆ ರಾತ್ರಿ ಹಳೆಯ ದಿನಗಳ ನೆನಪಾಯಿತು. ಇಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿ ಈ ಊರಿಗೆ ಬಂದ ಮೊದಲ ದಿನ ಹಿಡಿದದ್ದು ಎಂಜಲು ಲೋಟ. ಮೋರಿಯ ಬಳಿ ನಿಂತು, ಬೆರಳ ಸಂದು ಬಿಳಿಚಿಕೊಂಡು ಸುಲಿಯುವವರೆಗೆ ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಗೆ ಹೋದವರು ನೀವು. ಬಿಸಾಡುವ ಲೋಟ ಬಂದಾಗ ನಮಗೆ ಸಂತೋಷವೇ ಆಗಿತ್ತೆಂದು ಒಪ್ಪಿಕೊಳ್ಳೋಣ. ಯಾರದೋ ಒಂದು ಜೊತೆ ಕೈಗೆ ಅದು ವಿಶ್ರಾಂತಿ ಕೊಟ್ಟಿತು. ಈಗ ಅದನ್ನು ಬಿಡುವುದೆಂದರೆ ಆ ಕೆಲಸ ಮತ್ತೆ ಯಾರದೋ ಕೈಗೆ ಬರುತ್ತದೆ. ಆ ಕೈ ಯಾರದೆಂದು ಮೊದಲೇ ತೀರ್ಮಾನಿಸದಿದ್ದರೆ ಅದು ಮನೆಯಲ್ಲಿ ಹೆಂಗಸರದು, ಹೋಟೆಲಿನಲ್ಲಿ ಊರಿನಿಂದ ಹೊಸದಾಗಿ ಬಂದ ಹುಡುಗನದು ಆಗಿಬಿಡುತ್ತದೆ.

ಮರುದಿನದಿಂದ ವ್ಯವಸ್ಥೆ ಬದಲಾಯಿತು. ಚೀಲ, ಡಬ್ಬಿ ಹೊರುವುದೂ ತೊಳೆಯುವುದೂ ಡ್ಯೂಟಿ ಮುಗಿಸಿ ಬಂದ ನಮ್ಮ ಪಾಲು. ಹಾಲಿನ ತೊಟ್ಟೆಯನ್ನು ಸೀಳಿ, ತೊಳೆದು, ಹಗ್ಗದ ಮೇಲೆ ಒಣಗಿಸುವುದು ದೊಡ್ಡ ಮಗನದು. ತಿಂಗಳ ಕೊನೆಗೆ ಭಂಗಾರದ ಅಂಗಡಿಯವನು ತೂಕಕ್ಕೆ ಕೊಡುವ ಹಣವೂ ಅವನದೇ. ಅಕ್ಕಪಕ್ಕದ ನಾಲ್ಕು ಖೋಲಿಯವರು ಸೇರಿ 15 ಕಿಲೋ ಎಣ್ಣೆಯ ಡಬ್ಬ, ಸಾಬೂನಿನ ಪುಡಿಯ ದೊಡ್ಡ ಮೂಟೆ ತಂದು ಹಂಚಿಕೊಂಡೆವು. ಬಡವನು ದಿನದ ಕೂಲಿಯಲ್ಲಿ ದಿನದ ಸಾಮಾನು ಕೊಳ್ಳುತ್ತಾನೆ. ಅದಕ್ಕೇ ಅವನ ಮನೆಯಲ್ಲಿ ಪೊಟ್ಟಣ ಹೆಚ್ಚು. ಅವನಿಗೆ ಬುದ್ಧಿಯಿಲ್ಲವೆಂದಲ್ಲ, ಒಮ್ಮೆಗೇ ಡಬ್ಬ ಕೊಳ್ಳುವ ಹಣವಿಲ್ಲ, ಇಡಲು ಜಾಗವಿಲ್ಲ. ನಾಲ್ಕು ಮನೆ ಕೂಡಿದರೆ ಎರಡೂ ಸಿಗುತ್ತವೆ.

ಸೋತದ್ದನ್ನೂ ಹೇಳಬೇಕು. ಹಾಲು ತೊಟ್ಟೆಯಲ್ಲಿಯೇ ಬರುತ್ತದೆ. ಔಷಧಿಗೆ ಬದಲಿಯಿಲ್ಲ. ಹಾಸಿಗೆ ಹಿಡಿದ ಮುದಿ ತಾಯಿಗೆ ಬೇಕಾದ ವಸ್ತುಗಳನ್ನು ನಾವು ಬಿಡಲಿಲ್ಲ, ಬಿಡುವುದೂ ಇಲ್ಲ. ಮಕ್ಕಳ ಚಿಪ್ಸಿನ ಪೊಟ್ಟಣ ಎಲ್ಲಕ್ಕಿಂತ ಕೆಟ್ಟದ್ದು: ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬೇರ್ಪಡಿಸಲು ಬಾರದು, ಭಂಗಾರದವನೂ ಮುಟ್ಟುವುದಿಲ್ಲ. ಕಿರಿಯ ಮಗಳಿಗೆ ವಾರಕ್ಕೊಂದು ಎಂದು ಒಪ್ಪಂದವಾಗಿದೆ. ಒಪ್ಪಂದ ಮುರಿಯುವವರು ಅವಳ ಅಜ್ಜಿ.

ಇನ್ನು ನಮ್ಮ ಸಂಘದ ಮಾತು. ಕಳೆದ ವಾರ್ಷಿಕೋತ್ಸವದಲ್ಲಿ ಪರಿಸರದ ಮೇಲೆ ಮಕ್ಕಳು ನಾಟಕ ಆಡಿದರು, ನಾವು ಚಪ್ಪಾಳೆ ತಟ್ಟಿದೆವು, ಅನಂತರ ಸಭಾಗೃಹದ ಹಿಂದೆ ಲೋಟ-ತಟ್ಟೆಗಳ ಗುಡ್ಡ ಬಿತ್ತು. ಈ ವರ್ಷ ಸಂಘದ ನಿಧಿಯಿಂದ ಸ್ಟೀಲಿನ ಲೋಟಗಳನ್ನು ಕೊಳ್ಳಬೇಕು, ಊಟಕ್ಕೆ ಊರಿನಿಂದ ಅಡಿಕೆ ಹಾಳೆಯ ತಟ್ಟೆ ತರಿಸಬೇಕು ಎಂಬುದು ನಮ್ಮ ಸೂಚನೆ. ಲೋಟ ತೊಳೆಯುವ ಕೆಲಸವನ್ನು ಮಹಿಳಾ ವಿಭಾಗಕ್ಕೆ ವಹಿಸುವುದು ಬೇಡ, ಹೊಸ ಹುಡುಗರಿಗೂ ಬೇಡ. ಕಾರ್ಯಕಾರಿ ಸಮಿತಿಯ ಗಂಡಸರು ಸರದಿ ಹಾಕಿಕೊಳ್ಳಲಿ; ಕೈಗೆ ಅಭ್ಯಾಸವೇನೂ ತಪ್ಪಿರಲಾರದು. ಮೊದಲ ಸರದಿಗೆ ನಮ್ಮ ಹೆಸರನ್ನು ಕಾರ್ಯದರ್ಶಿಗಳು ಈಗಲೇ ಬರೆದುಕೊಳ್ಳಬಹುದು. ಎರಡನೆಯದಕ್ಕೆ ಅಧ್ಯಕ್ಷರ ಒಪ್ಪಿಗೆ ಕೇಳಿದ್ದೇವೆ, ಅವರು ಇನ್ನೂ ಉತ್ತರ ಹೇಳಿಲ್ಲ.