ಸೆರೆಯಾಳಿನ ಕಾಣಿಕೆ

(ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಹಬ್ಬದ ಪ್ರಬೋಧನೆ, ಆಗಸ್ಟ್ 14)



ಇಂದು ನಾವು ಸ್ಮರಿಸುತ್ತಿರುವ ಸಂತರು ಒಬ್ಬ ಸೆರೆಯಾಳು. ಆಶ್ವಿಟ್ಜ್ ಶಿಬಿರದಲ್ಲಿ ಅವರ ಸಂಖ್ಯೆ 16670. 1941ರಲ್ಲಿ ಹಸಿವಿನಿಂದ ಸಾಯಿಸಲೆಂದು ಆರಿಸಿದ ಹತ್ತು ಮಂದಿಯಲ್ಲಿ ಒಬ್ಬರು ಹೆಂಡತಿ ಮಕ್ಕಳನ್ನು ನೆನೆದು ಗೋಳಿಟ್ಟಾಗ, ಕೋಲ್ಬೆಯವರು ಸಾಲಿನಿಂದ ಹೊರಬಂದು ಅವರ ಸ್ಥಾನದಲ್ಲಿ ನಿಂತರು. ಹಾಗೆ ನಿಲ್ಲೆಂದು ಅವರನ್ನು ಯಾರೂ ಕೇಳಿರಲಿಲ್ಲ. ಪ್ರತಿಫಲ ತೋರಿಸಿಯೂ ಇರಲಿಲ್ಲ. ಉಳಿದುಕೊಂಡ ಆ ಮನುಷ್ಯ 1995ರವರೆಗೆ ಬಾಳಿದರು.

ಇಂದಿನ ಕೈದಿಯೊಬ್ಬ ತನ್ನ ಮೂತ್ರಪಿಂಡ ಕೊಡುತ್ತೇನೆಂದರೆ ಬಿಡಬೇಕೇ? ಅಪರಾಧಿಯ ಅಂಗ ಯಾರಿಗೆ ಬೇಕು ಎನ್ನುವವರಿದ್ದಾರೆ. ಸೋಂಕಿನ ಅನುಮಾನವಿದ್ದರೆ ಅದಕ್ಕೆ ರಕ್ತಪರೀಕ್ಷೆ ಇದೆ. ಪಾಪದ ಅನುಮಾನವಾದರೆ, ಪ್ರಭುವಿನ ಪಕ್ಕದಲ್ಲಿ ಶಿಲುಬೆಗೇರಿದವನು ಯಾರೆಂದು ನೆನಪಿಸಿಕೊಳ್ಳಿ! ನನ್ನ ಕಳವಳ ಬೇರೆಯದು.

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಜೇಮಿ ಮತ್ತು ಗ್ಲಾಡಿಸ್ ಸ್ಕಾಟ್ ಎಂಬ ಅಕ್ಕತಂಗಿಯರಿಗೆ 1993ರ ದರೋಡೆಯೊಂದಕ್ಕಾಗಿ ಜೀವಾವಧಿ ಶಿಕ್ಷೆಯಾಗಿತ್ತು. ದೋಚಿದ್ದು ಹನ್ನೊಂದು ಡಾಲರ್ ಎಂದು ವರದಿಯಾಯಿತು. ಹದಿನಾರು ವರ್ಷ ಸೆರೆಯಲ್ಲಿ ಕಳೆಯುವಷ್ಟರಲ್ಲಿ ಅಕ್ಕ ಜೇಮಿಯ ಮೂತ್ರಪಿಂಡಗಳು ಕೈಕೊಟ್ಟು, ಡಯಾಲಿಸಿಸ್ ಮಾಡಬೇಕಾಯಿತು. ತನ್ನದೊಂದನ್ನು ಕೊಡುವುದಾಗಿ ತಂಗಿಯೇ ಮುಂದೆ ಬಂದಳು. 2010ರ ಡಿಸೆಂಬರ್‌ನಲ್ಲಿ ಗವರ್ನರ್ ಹೇಲಿ ಬಾರ್ಬರ್ ಇಬ್ಬರ ಶಿಕ್ಷೆಯನ್ನೂ ಅಮಾನತಿನಲ್ಲಿಟ್ಟರು. ಅಕ್ಕನ ಚಿಕಿತ್ಸೆಯಿಂದ ರಾಜ್ಯಕ್ಕಾಗುವ ಖರ್ಚನ್ನೂ ಪ್ರಸ್ತಾಪಿಸಿದರು. ತಂಗಿಯ ಬಿಡುಗಡೆಗೆ ಹಾಕಿದ ಷರತ್ತು ಇದು: ಮೂತ್ರಪಿಂಡ ಕೊಡಬೇಕು. ಒಡಹುಟ್ಟಿದವಳ ಪ್ರೀತಿಯ ಮಾತು ಸರ್ಕಾರಿ ಕಾಗದದಲ್ಲಿ ಹೇಗೆ ಬದಲಾಯಿತು ನೋಡಿ. ನಾಳೆ ಆಕೆಗೆ ಭಯವಾದರೆ? ವೈದ್ಯರೇ ಬೇಡವೆಂದರೆ? ಮತ್ತೆ ಸೆರೆಮನೆಯೇ? ಬೇಡವೆನ್ನಲು ಬಾಯಿಲ್ಲದವಳ 'ಆಗಲಿ'ಯನ್ನು ದಾನವೆಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ.

2023ರಲ್ಲಿ ಅದೇ ದೇಶದ ಮ್ಯಾಸಚೂಸೆಟ್ಸ್‌ನಲ್ಲಿ, ಅಂಗ ಅಥವಾ ಅಸ್ಥಿಮಜ್ಜೆ ಕೊಟ್ಟವರಿಗೆ 60 ದಿನಗಳಿಂದ ಒಂದು ವರ್ಷದವರೆಗೆ ಶಿಕ್ಷೆ ಕಡಿತವೆಂಬ ಮಸೂದೆ ಮಂಡಿಸಿದ್ದರು. ಅಸ್ಥಿಮಜ್ಜೆಯನ್ನು ದಿನಗಳ ಲೆಕ್ಕದಲ್ಲಿ ತೂಗುವ ತಕ್ಕಡಿ! ಜಗದ್ಗುರು ಎರಡನೇ ಜಾನ್ ಪೌಲರು 2000ದ ಆಗಸ್ಟ್‌ನಲ್ಲಿ, ರೋಮ್‌ನಲ್ಲಿ ಸೇರಿದ್ದ ಅಂಗಕಸಿ ತಜ್ಞರಿಗೆ ಹೇಳಿದ್ದು ಇದನ್ನೇ: ಅಂಗದಾನ ಪ್ರತಿಫಲವಿಲ್ಲದ ಪ್ರೀತಿಯ ಕಾರ್ಯ, ಅದು ವ್ಯಾಪಾರವಾಗಬಾರದು, ಕೊಡುವವರು ತಿಳಿದು ಒಪ್ಪಿರಬೇಕು.

ಆದ್ದರಿಂದ ಕೈದಿ ತನ್ನ ತಾಯಿಗೆ, ಒಡಹುಟ್ಟಿದವರಿಗೆ ಕೊಡಬಯಸಿದರೆ ಬಾಗಿಲು ಮುಚ್ಚಬೇಡಿ. ಆದರೆ ಬಿಡುಗಡೆಯ ಕಡತ ಆ ಮೇಜಿನ ಮೇಲೆ ಇರಲೇಬಾರದು. ಸ್ವಾತಂತ್ರ್ಯ ದಿನಕ್ಕೆ ಸನ್ನಡತೆಯವರನ್ನು ಬಿಡುವ ರೂಢಿ ನಮ್ಮಲ್ಲಿದೆ. ಆ ಸನ್ನಡತೆಯ ಲೆಕ್ಕಕ್ಕೂ ಇದು ಸೇರದಿರಲಿ.

ನಮ್ಮ 1994ರ ಅಂಗಕಸಿ ಕಾಯಿದೆಯಲ್ಲಿ ಬಹಳ ಜನ ಗಮನಿಸದ ಮಾತೊಂದಿದೆ. ಸೆರೆಮನೆಯಲ್ಲಿರುವ ಮೃತದೇಹವನ್ನು 48 ಗಂಟೆಗಳೊಳಗೆ ಹತ್ತಿರದ ಸಂಬಂಧಿಕರು ಕೇಳಿ ಬಾರದಿದ್ದರೆ, ಅಂಗ ತೆಗೆಯಲು ಸೆರೆಮನೆಯ ಮುಖ್ಯಸ್ಥರೇ ಅನುಮತಿ ಕೊಡಬಹುದು. ಸತ್ತವನು ಬದುಕಿದ್ದಾಗ ಏನು ಬಯಸಿದ್ದನೆಂದು ಹೇಳಬಲ್ಲವರು ಅಲ್ಲಿ ಯಾರಿದ್ದಾರೆ? ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲೂ ಮಗನೋ ಅಣ್ಣನೋ ಒಳಗಿರುವವರಿರಬಹುದು. ನಾಚಿಕೆಯಿಂದ ಹೆಸರೆತ್ತದೆ ವರ್ಷಗಳೇ ಆಗಿರಬಹುದು. ನಾಳೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ. ಬಲಿಪೂಜೆ ಮುಗಿಸಿ ಮನೆಗೆ ಹೋದಾಗ ಅವನಿಗೊಂದು ಕಾಗದ ಬರೆಯಿರಿ.